ಮೂಸೆ ಒಡೆದ ಮೇಲೆ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮಗ್ಗುಲಲ್ಲಿ ಹಾಯುವ ಮೈಸೂರು ರಸ್ತೆ ಕೆಂಗೇರಿ, ಬಿಡದಿ, ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುತ್ತದೆ. ಈಗ ಬೊಂಬೆಗಳಿಗೆ ಹೆಸರಾದ ಆ ಊರು 1800ರ ಸುಮಾರಿಗೆ ತಂತಿವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿತ್ತು. ಆವರಣದಿಂದ ಉತ್ತರಕ್ಕೆ ಸರಿದರೆ ಮಾಗಡಿ ರಸ್ತೆ. ಅದರ ಆಚೆ ತುದಿಯ ಕಾಡುಗಳಲ್ಲಿ ಕಬ್ಬಿಣ ಕರಗಿಸುವ ಒಲೆಗಳಿದ್ದವು. ಹೊರವರ್ತುಲ ರಸ್ತೆ ಹಿಡಿದು ನಾಗರಬಾವಿ, ಸುಮನಹಳ್ಳಿ ಹಾದು ಹೋದರೆ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳು, ಅವುಗಳ ಆಚೆ ಪೀಣ್ಯ. ಅಲ್ಲಿ ಬೋರ್ಡಿನ ಮೇಲೆ 'ಹೀಟ್ ಟ್ರೀಟ್‌ಮೆಂಟ್' ಎಂದು ಬರೆದುಕೊಂಡ ಶೆಡ್ಡುಗಳು ಇವತ್ತಿಗೂ ಹಗಲು ರಾತ್ರಿ ಉರಿಯುತ್ತವೆ. ಉಕ್ಕಿನ ಚರಿತ್ರೆ ಹೇಳಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಆದರೆ ನಾವು ಆ ಚರಿತ್ರೆ ಹೇಳುವ ಕ್ರಮದಲ್ಲೇ ಒಂದು ಐಬಿದೆ. ಅದಿರು ಎಲ್ಲಿ ಸಿಕ್ಕಿತು, ಒಲೆ ಎಂಥದು, ಮೂಸೆಗೆ ಏನೇನು ತುಂಬಿದರು ಎಂಬುದನ್ನೆಲ್ಲ ವಿವರವಾಗಿ ಹೇಳಿ, ಮೂಸೆ ಒಡೆದು ಉಕ್ಕಿನ ಗಟ್ಟಿ ಹೊರಬಿದ್ದ ಕೂಡಲೇ ಒಂದೇ ನೆಗೆತಕ್ಕೆ ಡಮಾಸ್ಕಸ್ಸಿನ ಖಡ್ಗಕ್ಕೆ ಹೋಗಿಬಿಡುತ್ತೇವೆ. ನಡುವೆ ಆ ಗಟ್ಟಿಯನ್ನು ಯಾರು ಎಷ್ಟು ಕಾಯಿಸಿದರು, ಎಷ್ಟು ಸಲ ಕಾಯಿಸಿದರು, ಹೇಗೆ ತಣಿಸಿದರು ಎಂದು ಕೇಳುವುದೇ ಇಲ್ಲ. ಮೈಸೂರು ಸೀಮೆಯ ಉಕ್ಕಿನ ಬೆಲೆ ಇದ್ದದ್ದು ಆ ನಡುವಿನ ಭಾಗದಲ್ಲಿ. ಅದು ನಮ್ಮ ಬರಹಗಳಿಂದ ಬಿಟ್ಟುಹೋದದ್ದಕ್ಕೂ ಕಾರಣವಿದೆ.

ಮೊದಲ ಕಾರಣ, ಬರೆದವರು ನೋಡಿದ್ದೇ ಅಷ್ಟು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ವೈದ್ಯ, ಸಸ್ಯಶಾಸ್ತ್ರಜ್ಞ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಸಂಪುಟಗಳಲ್ಲಿ ಮಾಗಡಿ ಕಡೆಯ ಕಬ್ಬಿಣದ ಒಲೆಗಳಿವೆ, ತುಮಕೂರು ಸೀಮೆಯ ಚನ್ನರಾಯನದುರ್ಗದ ಉಕ್ಕಿನ ಕುಲುಮೆಯಿದೆ. ಶಂಕುವಿನ ಆಕಾರದ ಮಣ್ಣಿನ ಮೂಸೆ, ಅದರೊಳಗೆ ಬೆಣೆಯಂತೆ ಕಡಿದ ಮೆದು ಕಬ್ಬಿಣದ ತುಂಡು, ಜೊತೆಗೆ ತೂಕ ಮಾಡಿ ಹಾಕಿದ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ, ಬಾಯಿಗೆ ಮಣ್ಣಿನ ಮೆತ್ತೆ. ತಿದಿ ಒತ್ತುವವರ ಕೆಲಸ, ಬಂದ ದುಡ್ಡನ್ನು ಹಂಚಿಕೊಳ್ಳುವ ರೀತಿ, ಯಾವುದನ್ನೂ ಅವನು ಬಿಟ್ಟಿಲ್ಲ. ಲೆಕ್ಕ ಅಷ್ಟು ಚೆನ್ನಾಗಿರುವುದಕ್ಕೆ ಕಾರಣ ಅವನನ್ನು ಕಳಿಸಿದವರಿಗೆ ಬೇಕಾದದ್ದೇ ಅದು: ಯಾವ ಸೀಮೆಯಲ್ಲಿ ಏನು ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ, ಕಂದಾಯ ಎಷ್ಟು ಬರಬಹುದು. ಒಲೆಯ ಬಾಯಿಯಿಂದ ಹೊರಬಂದ ಮಾಲನ್ನು ತೂಗಬಹುದು, ಅದಕ್ಕೆ ತೆರಿಗೆ ಹಾಕಬಹುದು. ಕಮ್ಮಾರನೊಬ್ಬ ಗಟ್ಟಿಯನ್ನು ಮಂದ ಕೆಂಪಿಗೆ ತಂದು ಅಲ್ಲೇ ನಿಲ್ಲಿಸುವ ಜಾಣ್ಮೆಯನ್ನು ತೂಗುವ ತಕ್ಕಡಿ ಕಂಪನಿಯ ಬಳಿ ಇರಲಿಲ್ಲ. ನೆಲದಲ್ಲಿ ಉಳಿದ ಸಾಕ್ಷಿಯೂ ಇದೇ ಓರೆಯದು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕ ಮೂಸೆಯ ಚೂರುಗಳನ್ನು ಭೂವಿಜ್ಞಾನಿ, ಕನ್ನಡದ ವಿಜ್ಞಾನ ಲೇಖಕ ಟಿ. ಆರ್. ಅನಂತರಾಮು ಅವರು ಪಾಲ್ ಕ್ರಾಡಕ್ ಮೊದಲಾದವರ ಜೊತೆ ಸೇರಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಅಲ್ಲಿ ಮೂಸೆಯಲ್ಲೇ ಉಕ್ಕು ಕರಗಿತ್ತೆಂಬುದಕ್ಕೆ ಅದು ಗಟ್ಟಿ ಪುರಾವೆ. ಮೂಸೆ ಮಣ್ಣಿನದು, ಒಮ್ಮೆ ಬಳಸಿ ಒಡೆದು ಎಸೆಯುವಂಥದು. ಹಾಗಾಗಿ ಅದು ಸಾವಿರ ವರ್ಷ ಉಳಿಯುತ್ತದೆ. ಕಾಯಿಸಿ ತಣಿಸಿದ್ದರ ಗುರುತು ಉಳಿಯುವುದು ಲೋಹದ ಒಳಗೆ ಮಾತ್ರ. ಆ ಲೋಹವೋ ಸವೆದಂತೆಲ್ಲ ಮತ್ತೆ ಕುಲುಮೆಗೆ ಬಿದ್ದು ಇನ್ನೊಂದು ಉಳಿ, ಇನ್ನೊಂದು ಕುಡುಗೋಲಾಗಿ ತನ್ನ ಹಿಂದಿನ ಜನ್ಮವನ್ನು ಅಳಿಸಿಕೊಳ್ಳುತ್ತದೆ.

ಮೂಸೆಯಿಂದ ಬಂದ ಗಟ್ಟಿ ಹಾಗೇ ಬಳಕೆಗೆ ಬರುತ್ತಿರಲಿಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಈ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದರಿಂದ ಎರಡರ ನಡುವೆ, ಬಹುಪಾಲು ಒಂದೂವರೆಯ ಆಸುಪಾಸು. ಇವತ್ತಿನ ಕಟ್ಟಡದ ಕಂಬಿಯಲ್ಲಿ ಇರುವುದು ನೂರಕ್ಕೆ ಕಾಲು ಪಾಲೋ ಅದಕ್ಕಿಂತ ಕಡಿಮೆಯೋ. ಇಷ್ಟು ಇಂಗಾಲವುಳ್ಳ ಉಕ್ಕು ನಿಧಾನವಾಗಿ ತಣಿದಾಗ ಹೆಚ್ಚುವರಿ ಇಂಗಾಲ ಕಬ್ಬಿಣದ ಜೊತೆ ಕೂಡಿ ಸಿಮೆಂಟೈಟ್ ಎಂಬ ಗಡುಸು ಸಂಯುಕ್ತವಾಗುತ್ತದೆ, ಲೋಹದ ಹರಳುಗಳ ಅಂಚಿನಲ್ಲಿ ಬಲೆಯಂತೆ ಹರಡಿಕೊಳ್ಳುತ್ತದೆ. ಬಲೆ ಹಾಗೇ ಉಳಿದರೆ ಗಟ್ಟಿ ಸುತ್ತಿಗೆಯ ಪೆಟ್ಟಿಗೆ ಸೀಳುತ್ತದೆ. ಸುಮಾರು 650ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗಿನ ಹದ ಬಿಸಿಯಲ್ಲಿ ಮತ್ತೆ ಮತ್ತೆ ಕಾಯಿಸಿ ಮೆಲ್ಲಗೆ ಬಡಿದರೆ ಅದು ತುಂಡಾಗಿ, ಸಣ್ಣ ಸಣ್ಣ ಗುಂಡುಗಳಾಗಿ ಮೆದು ಕಬ್ಬಿಣದ ನಡುವೆ ಚದುರುತ್ತದೆ. ಆಗ ಅದೇ ಲೋಹ ಬಾಗುತ್ತದೆ, ಹರಿತವನ್ನೂ ಹಿಡಿಯುತ್ತದೆ. ಅತಿಯಾಗಿ ಕಾಯಿಸಿದರೆ ಗುಂಡುಗಳು ಕರಗಿ, ತಣಿಯುವಾಗ ಮತ್ತೆ ಬಲೆಯಾಗಿ ಕೂರುತ್ತವೆ. ಅಷ್ಟು ಹೊತ್ತಿನ ಕೆಲಸವೆಲ್ಲ ನೀರಿಗೆ ಹೋದಂತೆ. ಅದೇ ಬೆಲ್ಲ, ಅದೇ ನೀರು, ಒಂದೆಳೆ ಪಾಕವಾದರೆ ಒಂದು ತಿಂಡಿ, ಪಾಕ ಏರಿದರೆ ಇನ್ನೊಂದು ಎಂಬುದನ್ನು ಬಲ್ಲ ಮನೆಯವರಿಗೆ ಈ ಮಾತು ಹೊಸದೆನಿಸದು. ಒಂದು ವ್ಯತ್ಯಾಸವೆಂದರೆ, ಉಕ್ಕಿನಲ್ಲಿ ಕೆಟ್ಟ ಪಾಕ ಹೊರಗೆ ಕಾಣುವುದಿಲ್ಲ.

ಯುರೋಪಿನ ಕಮ್ಮಾರರು ಎಡವಿದ್ದು ಇಲ್ಲೇ. 1794ರಲ್ಲಿ ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ಇಂಗಾಲ ಕಡಿಮೆಯಿದ್ದ ಕಬ್ಬಿಣವನ್ನು ಬೆಳ್ಳಗೆ ಹೊಳೆಯುವಷ್ಟು ಕಾಯಿಸಿ ಬಡಿಯುವುದು ಅಲ್ಲಿಯವರ ರೂಢಿ. ಕಾದಾಗಲೇ ಕಬ್ಬಿಣ ಬಡಿಯಬೇಕು ಎಂದು ನಾವೂ ಹೇಳುತ್ತೇವಲ್ಲ, ಕಬ್ಬಿಣಕ್ಕೆ ಅದು ಸರಿ. ಇಷ್ಟು ಇಂಗಾಲದ ಉಕ್ಕಾದರೆ 1200 ಡಿಗ್ರಿಯ ಆಸುಪಾಸಿನಲ್ಲಿ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಲ್ಲಲ್ಲಿ ಕರಗತೊಡಗುತ್ತದೆ, ಸುತ್ತಿಗೆ ಬಿದ್ದರೆ ಪುಡಿಯಾಗುತ್ತದೆ. ಲಂಡನ್ನಿನ ಶಸ್ತ್ರಚಿಕಿತ್ಸೆಯ ಚಾಕು ಮಾಡುವ ಜೇಮ್ಸ್ ಸ್ಟೋಡಾರ್ಟ್ ಕಡಿಮೆ ಬಿಸಿಯಲ್ಲಿ ತಾಳ್ಮೆಯಿಂದ ಅದನ್ನು ಪಳಗಿಸಿ, ಭಾರತದ ಉಕ್ಕಿನಿಂದ ಮಾಡಿದ ಸಲಕರಣೆಗಳೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಮುಂದೆ ಅವನ ಜೊತೆ ಸೇರಿದವನು ಕಮ್ಮಾರನ ಮಗ ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಕಡೆ ಪೂರ್ತಿ ಹೊರಳುವ ಮುನ್ನ, 1819ರಿಂದ 1822ರವರೆಗೆ, ಫ್ಯಾರಡೆ ಈ ಉಕ್ಕಿನ ಗುಟ್ಟು ಹುಡುಕುತ್ತ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂಗಳನ್ನು ಉಕ್ಕಿಗೆ ಬೆರೆಸಿ ನೋಡಿದ. ಮಿಶ್ರಲೋಹದ ಉಕ್ಕಿನ ಸಂಶೋಧನೆ ಶುರುವಾದದ್ದು ಅಲ್ಲಿಂದ ಎನ್ನುವವರಿದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ಗಮನಿಸಿ: ಫ್ಯಾರಡೆಯಂಥ ಫ್ಯಾರಡೆಯೂ ಗುಟ್ಟನ್ನು ಹುಡುಕಿದ್ದು ಲೋಹಕ್ಕೆ ಏನು ಬೆರೆತಿದೆ ಎಂಬುದರಲ್ಲಿ. ಅದನ್ನು ಹೇಗೆ ಕಾಯಿಸಿ ತಣಿಸಲಾಗಿದೆ ಎಂಬುದು ಅವನಿಗೂ ಎರಡನೆಯ ಪ್ರಶ್ನೆಯಾಗಿತ್ತು.

ಕುಲುಮೆಯ ಬಳಿ ನಿಂತು ನೋಡಿದವರಲ್ಲಿ ಒಬ್ಬ ಮುಂದಿನ ಹೆಜ್ಜೆಯನ್ನೂ ದಾಖಲಿಸಿದ. ಅವನು ಹೆನ್ರಿ ವಾಯ್ಸಿ. ನೋಡಿದ್ದು ಮೈಸೂರಲ್ಲ, ನಿಜಾಮನ ಸೀಮೆಯ ಕೋನಸಮುದ್ರಂ. ಪರ್ಷಿಯಾದ ವ್ಯಾಪಾರಿಗಳು ಅಲ್ಲಿಗೇ ಬಂದು ಕೂತು ಉಕ್ಕನ್ನು ಆರಿಸಿ ಕೊಳ್ಳುತ್ತಿದ್ದರು. ವಾಯ್ಸಿ ತೀರಿಕೊಂಡ ಮೇಲೆ 1832ರಲ್ಲಿ ಅಚ್ಚಾದ ಟಿಪ್ಪಣಿ ಹೇಳುವಂತೆ, ಮೂಸೆಯಿಂದ ತೆಗೆದ ಗಟ್ಟಿಗೆ ಮಣ್ಣು ಮೆತ್ತಿ ಮತ್ತೆ ಒಲೆಯಲ್ಲಿ ಹನ್ನೆರಡರಿಂದ ಹದಿನಾರು ಗಂಟೆ ಇಡುತ್ತಿದ್ದರು, ತೆಗೆದು ತಣಿಸುತ್ತಿದ್ದರು. ಬಡಿಯುವಷ್ಟು ಮೆದುವಾಗುವವರೆಗೆ ಇದನ್ನೇ ಮೂರು ನಾಲ್ಕು ಸಲ ಮಾಡುತ್ತಿದ್ದರು. ಇವತ್ತಿನ ಲೋಹಶಾಸ್ತ್ರದ ವಿದ್ಯಾರ್ಥಿ ಇದನ್ನು ಓದಿದರೆ ಅನೀಲಿಂಗ್ ಎಂದು ತಕ್ಷಣ ಗುರುತಿಸುತ್ತಾನೆ. ಮಣ್ಣಿನ ಮೆತ್ತೆ ಯಾಕೆ ಎಂಬುದೂ ಅವನಿಗೆ ಗೊತ್ತು: ಬರಿ ಲೋಹವನ್ನು ಅಷ್ಟು ಹೊತ್ತು ಬೆಂಕಿಯಲ್ಲಿಟ್ಟರೆ ಮೇಲ್ಮೈಯ ಇಂಗಾಲ ಗಾಳಿಗೆ ಸುಟ್ಟುಹೋಗುತ್ತದೆ. ಗಟ್ಟಿ ಕರಗಿಸಲು ಹಿಡಿದ ಹೊತ್ತಿಗಿಂತ ಅದನ್ನು ಪಳಗಿಸಲು ಹಿಡಿದ ಹೊತ್ತೇ ಹೆಚ್ಚು. ಸೌದೆ, ಇದ್ದಿಲು, ಆಳಿನ ಕೂಲಿ ಎಲ್ಲವೂ ಅಲ್ಲಿ ಖರ್ಚಾಗುತ್ತಿತ್ತು ಎಂದಮೇಲೆ, ಅದನ್ನು ಉಕ್ಕಿನ ಕಥೆಯ ಬಾಲಂಗೋಚಿ ಎನ್ನುವುದು ಹೇಗೆ?

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಅಮೆರಿಕದ ಅಯೋವಾದ ಲೋಹಶಾಸ್ತ್ರಜ್ಞ ಜಾನ್ ವೆರ್ಹೋವನ್, ಕಮ್ಮಾರ ಆಲ್ಫ್ರೆಡ್ ಪೆಂಡ್ರೇ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟಂತೆ, ಡಮಾಸ್ಕಸ್ ಅಲಗಿನ ಮೇಲಿನ ಅಲೆಅಲೆಯ ಚಿತ್ತಾರಕ್ಕೆ ಅದಿರಿನಿಂದ ಬಂದ ವನೇಡಿಯಂನಂಥ ಧಾತುಗಳ ಅತ್ಯಲ್ಪ ಪ್ರಮಾಣ, ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ, ಬೇಕೇ ಬೇಕು. ಹಾಗಾದರೆ ಗುಟ್ಟು ಅದಿರಿನಲ್ಲೇ ಇತ್ತಲ್ಲವೇ? ಆ ಅದಿರು ತೀರಿದ್ದರಿಂದಲೇ ವಿದ್ಯೆ ಅಳಿಯಿತಲ್ಲವೇ? ಅದಿರಿನ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಅದೇ ಪ್ರಯೋಗಗಳನ್ನು ಪೂರ್ತಿ ಓದಿದರೆ ಇನ್ನೊಂದು ಮಾತಿದೆ: ವನೇಡಿಯಂ ಇದ್ದ ಮಾತ್ರಕ್ಕೆ ಚಿತ್ತಾರ ಮೂಡಲಿಲ್ಲ, ಹಲವು ಸುತ್ತು ಕಾಯಿಸಿ ತಣಿಸಿದ ಮೇಲೆ ಮೂಡಿತು. ಮೂಡಿದ ಚಿತ್ತಾರ ಅತಿ ಬಿಸಿಗೆ ಅಳಿಸಿಹೋಯಿತು. ಮತ್ತೆ ಹದವಾಗಿ ಕಾಯಿಸಿ ತಣಿಸಿದಾಗ ಮರಳಿತು. ಅದಿರು ಅವಕಾಶ ಕೊಟ್ಟಿತು, ಬಿಸಿ ಅದನ್ನು ಬಳಸಿಕೊಂಡಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಓಲೆಗ್ ಶೆರ್ಬಿ, ಜೆಫ್ರಿ ವಾಡ್ಸ್‌ವರ್ತ್ 1970ರ ದಶಕದಲ್ಲಿ ಮಾಡಿದ ಕೆಲಸ ಈ ವಾದಕ್ಕೆ ಇನ್ನೂ ಹತ್ತಿರದ್ದು. ಅವರು ಹಳೆಯ ಖಡ್ಗದ ಬೆನ್ನು ಹತ್ತಿದವರಲ್ಲ. ನೂರಕ್ಕೆ ಒಂದರಿಂದ ಎರಡು ಇಂಗಾಲವಿರುವ ಉಕ್ಕನ್ನು ಬಿಸಿ ಇಳಿಯುತ್ತಿರುವಾಗಲೇ ರೋಲಿಂಗ್ ಮಾಡಿ, ಸಿಮೆಂಟೈಟನ್ನು ಅತಿ ಸಣ್ಣ ಗುಂಡುಗಳಾಗಿಸಿದರು. ಗಡುಸೆಂದು ಎಲ್ಲರೂ ಕೈಬಿಟ್ಟಿದ್ದ ಆ ಉಕ್ಕು ಹದ ಬಿಸಿಯಲ್ಲಿ ತನ್ನ ಉದ್ದಕ್ಕಿಂತ ಹಲವು ಪಟ್ಟು ಎಳೆಯಬಹುದಾದ ಲೋಹವಾಯಿತು. ಇದು ಹಳೆಯ ಖಡ್ಗದ ಉಕ್ಕೇ ಎಂದು ಅವರಿಗೆ ತಿಳಿದದ್ದು ಆಮೇಲೆ. 2006ರಲ್ಲಿ ಡ್ರೆಸ್ಡೆನ್ನಿನ ತಂಡವೊಂದು ಹದಿನೇಳನೆಯ ಶತಮಾನದ ಒಂದು ಖಡ್ಗದಲ್ಲಿ ಇಂಗಾಲದ ನ್ಯಾನೋ ಕೊಳವೆಗಳನ್ನು ಕಂಡುದಾಗಿ ವರದಿ ಮಾಡಿದ ಮೇಲೆ ನಮ್ಮ ಪೂರ್ವಜರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತೆಂಬ ಭಾಷಣಗಳೂ ಕೇಳಿಬಂದವು. ಒಂದು ಅಲಗಿನ ಪರೀಕ್ಷೆಗೆ ಅಷ್ಟು ಭಾರ ಹೊರಿಸಬಾರದು. ಅವರಿಗೆ ಗೊತ್ತಿದ್ದದ್ದು ಬೆಂಕಿಯ ಬಣ್ಣ. ಅದೇನೂ ಸಣ್ಣ ವಿದ್ಯೆಯಲ್ಲ.

ಖಡ್ಗದ ಮೋಹ ಬಿಟ್ಟು ಚನ್ನಪಟ್ಟಣಕ್ಕೆ ಹೋದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಮೈಸೂರು ಸೀಮೆ ಬರೀ ಕಚ್ಚಾ ಗಟ್ಟಿ ಮಾರುತ್ತಿತ್ತು, ಜಾಣ ಕೆಲಸವೆಲ್ಲ ಇಸ್ಫಹಾನಿನಲ್ಲಿ, ಡಮಾಸ್ಕಸ್ಸಿನಲ್ಲಿ ನಡೆಯುತ್ತಿತ್ತು ಎನ್ನುವವರಿದ್ದಾರೆ. ಅದನ್ನು ಸುಳ್ಳು ಮಾಡುವುದು ಚನ್ನಪಟ್ಟಣದ ತಂತಿ. ಅದಕ್ಕೆ ದೂರದ ಪ್ರಾಂತ್ಯಗಳಲ್ಲೂ ಬೇಡಿಕೆಯಿತ್ತೆಂದು ಬುಕಾನನ್ ಬರೆದಿದ್ದಾನೆ. ಉಕ್ಕಿನ ಸಲಾಕೆಯನ್ನು ತೂತಿನ ಹಲಗೆಯಲ್ಲಿ ಹಾಯಿಸಿ ಎಳೆದಂತೆಲ್ಲ ಅದು ಗಡುಸಾಗುತ್ತ ಹೋಗುತ್ತದೆ. ಕೆಲವು ಎಳೆತಗಳಾದ ಮೇಲೆ ಮತ್ತೆ ಕಾಯಿಸಿ ಮೆದು ಮಾಡದಿದ್ದರೆ ತುಂಡಾಗುತ್ತದೆ, ಹೆಚ್ಚು ಕಾಯಿಸಿದರೆ ಬಿಗಿ ಸತ್ತು ತಂತಿ ಸ್ವರ ಹಿಡಿಯುವುದಿಲ್ಲ. ಕೂದಲೆಳೆಯ ಹತ್ತಿರದ ದಪ್ಪಕ್ಕೆ ಇಳಿಸಿ, ವಾದ್ಯಕ್ಕೆ ಬಿಗಿದಾಗ ನಿಲ್ಲುವಂತೆ ಮಾಡುವುದು ಶಾಖದ ಲೆಕ್ಕ ಗೊತ್ತಿಲ್ಲದವರ ಕೈಯಲ್ಲಿ ಆಗದ ಕೆಲಸ. ಅದನ್ನು ಹಿಂದಿಕ್ಕಿದ ತಂತಿ ಬಂದದ್ದೂ ಉತ್ತಮ ಅದಿರಿನಿಂದಲ್ಲ. 1854ರಲ್ಲಿ ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಾರ್ಸ್‌ಫಾಲ್ ತಂತಿಯ ಉಕ್ಕನ್ನು ಕಾಯಿಸಿ ತಣಿಸುವ ಒಂದು ಕ್ರಮಕ್ಕೆ ಪೇಟೆಂಟ್ ಪಡೆದ. ಅದು ಬೆಳೆದುಬಂದ ರೂಪದಲ್ಲಿ ತಂತಿಯನ್ನು 900 ಡಿಗ್ರಿ ದಾಟಿಸಿ, 500 ಡಿಗ್ರಿಯ ಆಸುಪಾಸಿನ ಕರಗಿದ ಸೀಸದ ತೊಟ್ಟಿಯಲ್ಲಿ ಹಾಯಿಸುತ್ತಾರೆ. ಆಗ ಉಕ್ಕಿನೊಳಗೆ ಅತಿ ತೆಳು ಪದರಗಳ ರಚನೆ ಮೂಡಿ, ಎಷ್ಟು ಎಳೆದರೂ ತಾಳಿಕೊಳ್ಳುವ ಗುಣ ಬರುತ್ತದೆ. ಪಿಯಾನೋದಿಂದ ಹಿಡಿದು 1866ರ ಅಟ್ಲಾಂಟಿಕ್ ತಂತಿ ಮಾರ್ಗದ ಕವಚದವರೆಗೆ ಆ ತಂತಿ ಹೋಯಿತು. ಇವತ್ತು ವೀಣೆಗೆ ಕಟ್ಟುವ ಉಕ್ಕಿನ ತಂತಿಯೂ ಇದೇ ಕುಲದ್ದು. ಮೂಸೆಯಲ್ಲಿ ಕರಗಿದ ಉಕ್ಕು ಇಂಗ್ಲೆಂಡಿನಲ್ಲೂ ಇತ್ತು. ವ್ಯತ್ಯಾಸ ಮಾಡಿದ್ದು ಕಾಯಿಸಿದ ಮೇಲೆ ಎಲ್ಲಿಗೆ, ಎಷ್ಟು ಬೇಗ ತಣಿಸಬೇಕು ಎಂಬ ತಿಳಿವಳಿಕೆ, ಮತ್ತು ಆ ತಿಳಿವಳಿಕೆಯನ್ನು ಬರೆದಿಟ್ಟು ಹಕ್ಕು ಕಾಯ್ದಿರಿಸಿಕೊಂಡ ವ್ಯವಸ್ಥೆ.

ಬ್ರಿಟಿಷರು ಕಾನೂನು ಹಾಕಿ ಕುಲುಮೆ ಮುಚ್ಚಿಸಿದರು, ಇಷ್ಟು ಸುತ್ತಿ ಬಳಸುವ ಅಗತ್ಯವೇನು ಎಂದು ಕೇಳಬಹುದು. ಅರಣ್ಯ ಕಾನೂನುಗಳು ಇದ್ದಿಲಿನ ದಾರಿ ಮುಚ್ಚಿದ್ದು ನಿಜ, 1878ರ ಶಸ್ತ್ರಾಸ್ತ್ರ ಕಾಯಿದೆ ಕತ್ತಿಯ ಕೆಲಸಕ್ಕೆ ಕೊಡಲಿ ಹಾಕಿದ್ದೂ ನಿಜ, 1856ರ ಬೆಸೆಮರ್ ವಿಧಾನದಿಂದ ಹುಟ್ಟಿದ ಅಗ್ಗದ ಉಕ್ಕು ಬಂದರಿನಿಂದ ಒಳನಾಡಿಗೆ ಹರಿದದ್ದು ಎಲ್ಲಕ್ಕಿಂತ ನಿಜ. ಆದರೆ ಇವು ನಿಲ್ಲಿಸಿದ್ದು ಕರಗಿಸುವ ಕೆಲಸವನ್ನು. ಹದ ಹಾಕುವ ಕೆಲಸ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಬೆಂಗಳೂರು ಸುತ್ತಿನ ಬಂಡೆ ಒಡೆಯುವ ಉಳಿಗೆ ದಿನದಿನವೂ ಮೊನೆ ಹಾಕಬೇಕು, ನೇಗಿಲ ಕುಳಕ್ಕೆ, ಕುಡುಗೋಲಿಗೆ ವರ್ಷವರ್ಷವೂ. ಮೊನೆಯನ್ನು ಕೆಂಪಗೆ ಕಾಯಿಸಿ, ತುದಿ ಮಾತ್ರ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಹಿಂದಿನಿಂದ ಹರಿದು ಬರುವ ಬಿಸಿಗೆ ಲೋಹದ ಮೈಮೇಲೆ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣಗಳು ಒಂದರ ಹಿಂದೊಂದು ಓಡುವಾಗ, ಬೇಕಾದ ಬಣ್ಣ ತುದಿ ಮುಟ್ಟಿದ ಗಳಿಗೆಗೆ ಸರಿಯಾಗಿ ಪೂರ್ತಿ ಮುಳುಗಿಸುವುದು. ಹಳದಿ ಎಂದರೆ 220 ಡಿಗ್ರಿಯ ಸುತ್ತ, ನೀಲಿ ಎಂದರೆ 300. ಕಮ್ಮಾರನಿಗೆ ಅಂಕಿ ಬೇಕಿರಲಿಲ್ಲ. ಈ ವಿದ್ಯೆ ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಮಚ್ಚು ಮಾಡುವ ಕುಲುಮೆಗಳಲ್ಲಿ ಈಗಲೂ ಉಸಿರಾಡುತ್ತಿದೆ. ಉಳಿಯದಿದ್ದದ್ದು ಒಂದೂವರೆ ಪಾಲು ಇಂಗಾಲದ ಉಕ್ಕನ್ನು ಪಳಗಿಸುವ ಕ್ರಮ, ಯಾಕೆಂದರೆ ಪಳಗಿಸಲು ಆ ಉಕ್ಕೇ ಉಳಿದಿರಲಿಲ್ಲ. ಕಾನೂನಿನ ವಾದ ಅರ್ಧ ಸರಿ. ಉಳಿದರ್ಧದಲ್ಲಿ ಅದು ಕರಗಿಸುವವನನ್ನು ನೆನೆದು ಹದ ಹಾಕುವವನನ್ನು ಮರೆಯುತ್ತದೆ.

ಅವನು ಮರೆತುಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಅವನ ವ್ಯವಹಾರದ್ದು. ಊರಿನ ಆಯಗಾರರಲ್ಲಿ ಒಬ್ಬನಾದ ಕಮ್ಮಾರ ಬಡಿಯುತ್ತಿದ್ದದ್ದು ಬಹುತೇಕ ರೈತನ ಕಬ್ಬಿಣವನ್ನು. ಸುಗ್ಗಿಯಲ್ಲಿ ಅವನಿಗೆ ಸಿಗುತ್ತಿದ್ದದ್ದು ಕೆಲಸಕ್ಕೆ ಧಾನ್ಯ. ಮಾಲು ಅವನದಲ್ಲ, ಹಾಗಾಗಿ ಮಾಲಿನ ಮೇಲೆ ಅವನ ಗುರುತಿಲ್ಲ, ವ್ಯಾಪಾರದ ಲೆಕ್ಕದಲ್ಲಿ ಅವನ ಹೆಸರಿಲ್ಲ. ಪೀಣ್ಯದ ಶೆಡ್ಡಿನ ಸ್ಥಿತಿ ಬೇರೆಯೇನಲ್ಲ. ಉಕ್ಕು ಒಬ್ಬರದು, ಅದನ್ನು ಲೇತಿನಲ್ಲಿ ತಿರುವಿದವರು ಇನ್ನೊಬ್ಬರು, ಕಾಯಿಸಿ ತಣಿಸಿ ಗಡುಸು ಮಾಡುವ ಹಾರ್ಡನಿಂಗ್ ಮಾತ್ರ ಇಲ್ಲಿ, ಜಾಬ್ ವರ್ಕ್ ಲೆಕ್ಕದಲ್ಲಿ, ಕಿಲೋಗೆ ಇಷ್ಟೆಂದು. ಗೇರು ಯಾವುದೋ ಕಂಪನಿಯ ಹೆಸರಿನಲ್ಲಿ ಓಡುತ್ತದೆ. ಈ ಹೋಲಿಕೆಯಿಂದ ಕಮ್ಮಾರನ ಕುಲುಮೆಯೇ ಬೆಳೆದು ಪೀಣ್ಯವಾಯಿತೆಂದು ಹೇಳಿದರೆ ಮಾತ್ರ ತಪ್ಪಾಗುತ್ತದೆ. ಉಕ್ಕಿನ ಉಂಡೆಯಿಂದ ಯಂತ್ರೋಪಕರಣಗಳ ಎಚ್‌ಎಂಟಿಯವರೆಗೆ ಒಂದೇ ಗೆರೆ ಎಳೆಯುವ ಲೇಖನಗಳು ಆಗಾಗ ಬರುತ್ತವೆ. ಓದಲು ಹಿತ, ಆದರೆ ಆಧಾರವಿಲ್ಲ. ನಡುವೆ ಗೆರೆ ಕಡಿದುಹೋಗಿದೆ.

ಕಡಿದ ಜಾಗದಲ್ಲಿ ನಿಂತಿರುವವರು ವಿಶ್ವೇಶ್ವರಯ್ಯ. 1917ರಲ್ಲಿ ಅವರ ದಿವಾನಗಿರಿಯಲ್ಲೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಇತ್ತ 1918ರಲ್ಲಿ ರೂಪುಗೊಂಡ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಇದ್ದಿಲಿನಿಂದ ಬೀಡುಕಬ್ಬಿಣ ತೆಗೆಯತೊಡಗಿತು. ಅಲ್ಲಿ ಉಕ್ಕು ಆಗತೊಡಗಿದ್ದು 1930ರ ದಶಕದಲ್ಲಿ, ವಿಶೇಷ ಉಕ್ಕಿನ ಕಡೆ ಹೊರಳಿದ್ದು 1960ರ ದಶಕದ ನಂತರ. ಭದ್ರಾವತಿಯ ಕನಸೂ ಮೊದಲಿಗೆ ಕರಗಿಸುವ ಕನಸೇ: ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡು, ಇಷ್ಟು ಟನ್ ಕಬ್ಬಿಣ. ಬೆಂಗಳೂರಿಗೆ ಶಾಖದ ಲೆಕ್ಕ ಬಂದದ್ದು ಬೇರೆ ಬಾಗಿಲಿನಿಂದ. 1951ರಲ್ಲಿ ಬಾಷ್ ಜೊತೆಗಿನ ಮೈಕೋ, 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ನೆರವಿನ ಎಚ್‌ಎಂಟಿ, 1962ರಲ್ಲಿ ಜೆಕೊಸ್ಲೊವಾಕಿಯದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಎದ್ದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ. ಇವು ಉಕ್ಕು ಕರಗಿಸುವ ಸಂಸ್ಥೆಗಳಲ್ಲ. ಬೇರೆಡೆಯಿಂದ ಬಂದ ಉಕ್ಕನ್ನು ಮೈಕ್ರಾನ್ ಲೆಕ್ಕದಲ್ಲಿ ತಿರುವಿ, ಗಡುಸು ಮಾಡಿ, ಅದು ಹತ್ತಾರು ವರ್ಷ ಅಳತೆ ಬಿಟ್ಟುಕೊಡದಂತೆ ನೋಡಿಕೊಳ್ಳುವ ಸಂಸ್ಥೆಗಳು. ಅವುಗಳ ಸುತ್ತ ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, 1970ರ ದಶಕದಿಂದ ಪೀಣ್ಯ ಬೆಳೆದವು. ಬಣ್ಣ ನೋಡುವ ಕಣ್ಣಿನ ಜಾಗಕ್ಕೆ ಬಿಸಿ ಅಳೆಯುವ ಥರ್ಮೋಕಪಲ್ ಬಂತು, ಅನುಭವದ ಜಾಗಕ್ಕೆ ಕೈಪಿಡಿ ಬಂತು, 'ಎಷ್ಟು ಆರ್‌ಸಿ ಬೇಕು' ಎಂಬ ಪ್ರಶ್ನೆ ಬಂತು. ರಾಕ್‌ವೆಲ್ ಗಡಸುತನವನ್ನು ಅಲ್ಲಿ ಹಾಗೇ ಕರೆಯುವುದು.

ಅಳತೆ ಬಿಟ್ಟುಕೊಡದಂತೆ ನೋಡಿಕೊಳ್ಳುವುದು ಎಂದರೇನೆಂದು ತಿಳಿಯಲು ಡೀಸೆಲ್ ಪಂಪಿನ ಪ್ಲಂಜರ್ ಒಂದನ್ನೇ ನೋಡಿ. ಅದಕ್ಕೂ ಅದು ಓಡಾಡುವ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಕಾದ ಉಕ್ಕನ್ನು ಥಟ್ಟನೆ ಎಣ್ಣೆಗಿಳಿಸಿದಾಗ ಅದರ ಹರಳು ಪೂರ್ತಿ ಮಾರ್ಟೆನ್‌ಸೈಟ್ ಎಂಬ ಗಡುಸು ರೂಪಕ್ಕೆ ಬದಲಾಗುವುದಿಲ್ಲ. ಒಂದಿಷ್ಟು ಭಾಗ ಆಸ್ಟೆನೈಟ್ ಎಂಬ, ಕಾದಾಗಿನ ಹಳೆಯ ರೂಪದಲ್ಲೇ ಉಳಿದುಬಿಡುತ್ತದೆ. ತಿಂಗಳುಗಳ ನಂತರ ಅದು ತಾನಾಗಿ ಬದಲಾಗಿ ಕೂದಲೆಳೆಯಷ್ಟಲ್ಲದಿದ್ದರೂ ಹಿಗ್ಗಿದರೆ ಪ್ಲಂಜರ್ ಕಚ್ಚಿಕೊಳ್ಳುತ್ತದೆ. ಅದಕ್ಕೇ ಇಂಥ ಭಾಗಗಳನ್ನು ಹಾರ್ಡನಿಂಗ್ ಆದ ಮೇಲೆ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೆ ತಣಿಸಿ, ಆಮೇಲೆ ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಮಾಡುವುದು. ಹೀಗೆ ವರ್ಷಾನುಗಟ್ಟಲೆ ಶತ್ರುವಾಗಿದ್ದ ಉಳಿಕೆ ಆಸ್ಟೆನೈಟನ್ನೇ ಈಗಿನ ಹೊಸ ಪೀಳಿಗೆಯ ಉಕ್ಕು ಬೇಕೆಂದು ಉಳಿಸಿಕೊಳ್ಳುತ್ತದೆ. 2003ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜಾನ್ ಸ್ಪೀರ್ ಮತ್ತು ಸಂಗಡಿಗರು ಮುಂದಿಟ್ಟ ಕ್ರಮದಲ್ಲಿ ಕಾದ ಉಕ್ಕನ್ನು ಪೂರ್ತಿ ತಣಿಸದೆ ನಡುದಾರಿಯಲ್ಲಿ ನಿಲ್ಲಿಸುತ್ತಾರೆ. ಅಲ್ಲೇ ಸ್ವಲ್ಪ ಬಿಸಿಯಲ್ಲಿಟ್ಟಾಗ ಮಾರ್ಟೆನ್‌ಸೈಟಿನ ಇಂಗಾಲ ಪಕ್ಕದ ಆಸ್ಟೆನೈಟಿಗೆ ಸರಿದು ಅದನ್ನು ಸ್ಥಿರಗೊಳಿಸುತ್ತದೆ. ಕಾರು ಗುದ್ದಿದಾಗ ಆ ಆಸ್ಟೆನೈಟ್ ಬದಲಾಗುತ್ತ ಹೋಗಿ ಪೆಟ್ಟಿನ ಶಕ್ತಿಯನ್ನು ಹೀರುತ್ತದೆ. ಕೇಂಬ್ರಿಡ್ಜಿನ ಹರ್ಷದ್ ಭದೇಶಿಯಾ ಅವರ ತಂಡ ರೂಪಿಸಿದ ಇನ್ನೊಂದು ಉಕ್ಕನ್ನು ಬರಿ 200 ಡಿಗ್ರಿಯಲ್ಲಿ, ಆದರೆ ಹತ್ತು ದಿನದ ಹತ್ತಿರ ಇಡಬೇಕು. ಕೋನಸಮುದ್ರಂನ ಹದಿನಾರು ಗಂಟೆಗಳ ಸುತ್ತುಗಳು ಅತಿ ತಾಳ್ಮೆಯೆನಿಸಿದ್ದರೆ ಇದು ಅದನ್ನೂ ಮೀರಿಸಿತು.

ಕೊನೆಯ ಆಕ್ಷೇಪ ಹೀಗಿರಬಹುದು: ಹೊಸ ಉಕ್ಕುಗಳ ಬಲವೆಲ್ಲ ಬೆರಕೆ ಧಾತುಗಳದು, ಶಾಖ ನೆಪಮಾತ್ರ. ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಕವಚಕ್ಕೆ ಹೈದರಾಬಾದಿನ ಮಿಧಾನಿ ಕಾರ್ಖಾನೆ ಕೊಡುವ ಮಾರೇಜಿಂಗ್ ಉಕ್ಕಿನಲ್ಲಿ ನೂರಕ್ಕೆ ಹದಿನೆಂಟು ಪಾಲು ನಿಕ್ಕಲ್, ಎಂಟರ ಸುತ್ತ ಕೋಬಾಲ್ಟ್. ಅಷ್ಟು ಸುರಿದರೆ ಯಾವ ಲೋಹ ತಾನೇ ಗಟ್ಟಿಯಾಗದು? ಆದರೆ ಆ ಉಕ್ಕು ಮೊದಲು ಮೆದುವಾಗಿಯೇ ಇರುತ್ತದೆ, ಹಾಗಿರುವುದರಿಂದಲೇ ಬೆಸುಗೆ ಹಾಕಿ ಕವಚ ಮಾಡಲು ಸಾಧ್ಯ. ಆಮೇಲೆ 480 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟಾಗ ಮಾತ್ರ ಅದರ ಬಲ 1700 ಮೆಗಾಪಾಸ್ಕಲ್ ದಾಟುತ್ತದೆ. ನಿಕ್ಕಲ್ ಇದ್ದೂ ಒಲೆ ಕೆಟ್ಟರೆ ರಾಕೆಟ್ಟಿಲ್ಲ. ಬೆರಕೆ ಹೆಚ್ಚಿಲ್ಲದ ಉದಾಹರಣೆಗಳು ಇನ್ನೂ ನೇರ. ಕಾರಿನ ಕಂಬಗಳಿಗೆ ಬಳಸುವ ಬೋರಾನ್ ಉಕ್ಕಿನ ಹಾಳೆ ಕಾರ್ಖಾನೆಗೆ ಬರುವಾಗ 600 ಮೆಗಾಪಾಸ್ಕಲ್ ಬಲದ್ದು. 900 ಡಿಗ್ರಿ ದಾಟಿಸಿ, ತಣ್ಣನೆಯ ಅಚ್ಚಿನಲ್ಲಿ ಒತ್ತಿ ಹಿಡಿದು ತೆಗೆದರೆ 1500. ಈ ನಡುವೆ ಒಂದು ಚಿಟಿಕೆ ಧಾತುವನ್ನೂ ಅದಕ್ಕೆ ಹೊಸದಾಗಿ ಸೇರಿಸಿಲ್ಲ. 1984ರಲ್ಲಿ ಆರಂಭವಾದ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗುಜರಿ ಉಕ್ಕಿನಿಂದ ಎರಕ ಹೊಯ್ದ ಗಾಲಿಯನ್ನು ಕಾಯಿಸಿ, ಅಂಚಿಗೆ ಮಾತ್ರ ನೀರು ಹಾಯಿಸುತ್ತಾರೆ. ಅಂಚು ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಒಳಭಾಗ ತಣಿದು ಕುಗ್ಗುವಾಗ ಅಂಚನ್ನು ತನ್ನತ್ತ ಬಿಗಿಯುತ್ತದೆ. ಆ ಬಿಗಿತದಿಂದಾಗಿ ಬಿರುಕು ಬಿಟ್ಟರೂ ಅದು ಬೇಗ ಬೆಳೆಯುವುದಿಲ್ಲ. ಲಕ್ಷಾಂತರ ಜನರ ಪ್ರಯಾಣ ನಿಂತಿರುವುದು ಯಾವ ಭಾಗ ಮೊದಲು ತಣಿಯಬೇಕು ಎಂಬ ಒಂದು ತೀರ್ಮಾನದ ಮೇಲೆ.

ಹಾಗೆಂದು ಈಗಿನ ಶಾಖದ ಲೆಕ್ಕಕ್ಕೆ ಒಳ್ಳೆಯ ದಾಖಲೆ ಇದೆ ಎಂದುಕೊಳ್ಳುವಂತಿಲ್ಲ. ಬಿಡಿಭಾಗವೊಂದು ಬಿರುಕು ಬಿಟ್ಟಾಗ ಜಗಳ ಶುರುವಾಗುತ್ತದೆ: ಉಕ್ಕು ಕೊಟ್ಟವರದೋ, ಚೂಪು ಮೂಲೆ ಬಿಟ್ಟು ತಿರುವಿದವರದೋ, ಹಾರ್ಡನಿಂಗ್ ಮಾಡಿದವರದೋ ತಪ್ಪು? ತುಂಡನ್ನು ಕತ್ತರಿಸಿ, ಉಜ್ಜಿ, ಆಮ್ಲ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಫರ್ನೇಸಿನ ಚಾರ್ಟ್ ತರಿಸುತ್ತಾರೆ. ಯಾವ ಗಂಟೆಗೆ ಎಷ್ಟು ಡಿಗ್ರಿ, ಎಷ್ಟು ಹೊತ್ತು, ಎಷ್ಟು ಬೇಗ ಎಣ್ಣೆಗೆ ಎಂಬುದೆಲ್ಲ ಇರುವುದು ಅದರಲ್ಲಿ ಮಾತ್ರ. ವಿಮಾನದ ಭಾಗವಾದರೆ ಗ್ರಾಹಕರ ಕರಾರಿನಂತೆ ಅದನ್ನು ವರ್ಷಗಟ್ಟಲೆ ಕಾದಿಡಬೇಕು. ಉಳಿದ ಚಾರ್ಟುಗಳು ಜಗಳದ ಅವಧಿ ಮುಗಿದ ಮೇಲೆ ರದ್ದಿಗೆ ಹೋಗುತ್ತವೆ. ಬಿಲ್ಲಿನ ಪುಸ್ತಕದಲ್ಲಿ ಮಾತ್ರ ಕಿಲೋ ಲೆಕ್ಕ ಉಳಿಯುತ್ತದೆ, ಬುಕಾನನ್ನನ ಪುಸ್ತಕದಲ್ಲಿ ಉಳಿದಂತೆಯೇ.